ಗುಲಾಬಿ ಕೊಳ್ಳುವಾಗ ಬುಡ ಮೊದಲು, ಹೂವು ಆಮೇಲೆ

ನರ್ಸರಿಗೆ ಕಾಲಿಟ್ಟ ಕೂಡಲೇ ಕಣ್ಣು ಹೋಗುವುದು ಎಲ್ಲಕ್ಕಿಂತ ದೊಡ್ಡ ಹೂವಿನ ಮೇಲೆ. ಸಹಜವೇ. ಆದರೆ ಗುಲಾಬಿ ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಬಗ್ಗಿ ಬುಡ ನೋಡಿ. ಆ ಹೂವು ಹೇಗೂ ಕೆಲವೇ ದಿನದಲ್ಲಿ ಉದುರುತ್ತದೆ.

ಮಾರಾಟಕ್ಕಿಡುವ ಗುಲಾಬಿಗಳಲ್ಲಿ ಕಸಿ ಗಿಡಗಳೇ ಜಾಸ್ತಿ. ಗಟ್ಟಿ ಬೇರಿನ ಒಂದು ಗಿಡಕ್ಕೆ ನಮಗೆ ಬೇಕಾದ ತಳಿಯ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಕೂರಿಸಿರುತ್ತಾರೆ. ಆ ಜಾಗ ಗಂಟಿನ ಹಾಗೆ ಉಬ್ಬಿರುತ್ತದೆ. ಗಂಟಿನ ಮೇಲಿಂದ ಪೆನ್ಸಿಲ್ ದಪ್ಪದ ಎರಡು ಮೂರು ಹಸಿರು ಕೊಂಬೆ ಬೇರೆ ಬೇರೆ ದಿಕ್ಕಿಗೆ ಹೊರಟಿದ್ದರೆ, ಹೂವೇ ಇಲ್ಲದಿದ್ದರೂ ತಗೊಳ್ಳಿ. ಗಂಟಿನ ಕೆಳಗಿಂದ ಬರುವ ಚಿಗುರು ಮಾತ್ರ ಬೇರಿನ ಗಿಡದ್ದು. ಅದು ನೋಡೋಕೆ ತುಂಬಾ ಸೊಂಪಾಗಿರುತ್ತದೆ, ಬಿಟ್ಟರೆ ಮೇಲಿನ ತಳಿಯನ್ನೇ ಸೊರಗಿಸುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ, ಹಾಗಾಗಿ ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಒಂದೇ ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು ಚಿಗುರು, ಐದಿದ್ದರೆ ಒಳ್ಳೆಯದು ಅಂತ ಒಂದು ಮಾತಿದೆ. ನಂಬಬೇಡಿ. ಒಳ್ಳೆಯ ತಳಿಗಳಲ್ಲೂ ಏಳು ಎಲೆ ಬರುತ್ತವೆ. ಎಲೆ ಎಣಿಸುವುದಲ್ಲ, ಎಲ್ಲಿಂದ ಹೊರಟಿದೆ ಅನ್ನುವುದೇ ಮುಖ್ಯ.

ಇನ್ನು ಯಾವ ಜಾತಿ? ಉದ್ದ ದಂಟಿಗೆ ಒಂದೇ ದೊಡ್ಡ ಹೂ ಬಿಡುವುದು ಹೈಬ್ರಿಡ್ ಟೀ. 1867ರ ‘ಲಾ ಫ್ರಾನ್ಸ್’ ತಳಿಯನ್ನು ಈ ಗುಂಪಿನ ಮೊದಲನೆಯದು ಅಂತ ಹೇಳುತ್ತಾರೆ. ಅಂದ ಅದರದ್ದೇ, ಒಪ್ಪುತ್ತೇನೆ. ಆದರೂ ಮನೆಯ ತೋಟಕ್ಕೆ ನನ್ನ ಓಟು ಫ್ಲೋರಿಬಂಡಾಕ್ಕೆ: ಗೊಂಚಲಲ್ಲಿ ಹೂ ಬಿಡುತ್ತದೆ, ಒಂದು ಬಾಡುವಷ್ಟರಲ್ಲಿ ಪಕ್ಕದ ಮೊಗ್ಗು ಬಿರಿದಿರುತ್ತದೆ, ಗಿಡ ಬೋಳು ಅನ್ನಿಸುವುದೇ ಕಡಿಮೆ. ಜಾಗ ಚಿಕ್ಕದಿದ್ದರೆ ಮಿನಿಯೇಚರ್ ಅನ್ನುವ ಪುಟ್ಟ ಗುಲಾಬಿ ಸಾಕು. ಪರಿಮಳ ಬೇಕು ಅನ್ನುವವರು ಅರಳಿದ ಹೂವನ್ನು ಮೂಸಿಯೇ ಆರಿಸಿ. ಬಣ್ಣ ನೋಡಿದರೆ ಅದು ಗೊತ್ತಾಗುವುದಿಲ್ಲ ಅಲ್ವಾ?

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ಅದೂ ಬೆಳಗಿನದಾದರೆ ಇನ್ನೂ ಒಳ್ಳೆಯದು. ಯಾಕೆಂದರೆ ಎಲೆಯ ಮೇಲಿನ ಇಬ್ಬನಿ ಬೇಗ ಆರುತ್ತದೆ. ಎಲೆಯನ್ನು ಹಳದಿ ಮಾಡಿ ಉದುರಿಸುವ ಕಪ್ಪು ಚುಕ್ಕೆ ರೋಗ ಬರುವುದು ಒಂದು ಶಿಲೀಂಧ್ರದಿಂದ, ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಅದು ಬೇರೂರುತ್ತದೆ. ಸಂಜೆ ಗಿಡದ ತಲೆಯ ಮೇಲೆ ನೀರು ಸುರಿದರೆ ರಾತ್ರಿಯಿಡೀ ಎಲೆ ಒದ್ದೆ. ಅದಕ್ಕೇ ಬೆಳಗ್ಗೆ, ಬುಡಕ್ಕೆ ಮಾತ್ರ ನೀರು ಹಾಕಿ. ಉದುರಿದ ಎಲೆ ಅಲ್ಲೇ ಬಿಡಬೇಡಿ, ರೋಗ ಅದರಲ್ಲೇ ಉಳಿದಿರುತ್ತದೆ. ರಸ ಹೀರುವ ಸಸ್ಯಹೇನು ಬಂದರೆ ಜೋರಾಗಿ ನೀರು ಚಿಮ್ಮಿಸಿದರೆ ಸಾಕಾಗುತ್ತದೆ.

ಹೂ ಬಾಡಿದ ಮೇಲೆ ತಲೆ ಮಾತ್ರ ಚಿವುಟಿ ಸುಮ್ನಿರಬೇಡಿ. ದಂಟಿನ ಮೇಲಿಂದ ಕೆಳಕ್ಕೆ ಬನ್ನಿ. ಮೊದಲು ಮೂರೆಲೆ, ಆಮೇಲೆ ಐದೆಲೆ ಸಿಗುತ್ತದೆ. ಆ ಐದೆಲೆ ದಂಟಿಗೆ ಸೇರುವ ಸಂದಿಯಲ್ಲಿ ಪುಟ್ಟ ಕೆಂಪು ಉಬ್ಬೊಂದು ಕಾಣುತ್ತದೆ, ಮುಂದಿನ ಕೊಂಬೆ ಅದೇ. ಅದು ಗಿಡದ ಹೊರಗಡೆಗೆ ಮುಖ ಮಾಡಿದೆಯಾ ನೋಡಿ, ಅದರ ಸ್ವಲ್ಪ ಮೇಲೆ ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಒಳಗಡೆಗೆ ತಿರುಗಿದ್ದರೆ ಇನ್ನೊಂದು ಎಲೆ ಕೆಳಗೆ ಹೋಗಿ, ಇಲ್ಲದಿದ್ದರೆ ಕೊಂಬೆಗಳೆಲ್ಲ ಗಿಡದ ನಡುವೆ ಹೆಣೆದುಕೊಂಡು ಗಾಳಿಯೇ ಆಡುವುದಿಲ್ಲ. ಕತ್ತರಿಸಿದ ದಿನವೇ ಬುಡಕ್ಕೆ ಒಂದು ಹಿಡಿ ಚೆನ್ನಾಗಿ ಕೊಳೆತ ಗೊಬ್ಬರ ಹಾಕಿ. ಹವೆ ಬೆಚ್ಚಗಿದ್ದರೆ ಆರೇಳು ವಾರದಲ್ಲಿ ಅದೇ ಕಣ್ಣಿನಿಂದ ಹೊರಟ ಕೊಂಬೆಯ ತುದಿಯಲ್ಲಿ ಹೂ ಬರುತ್ತದೆ.