"ಇದನ್ನ ಮಾಡಿದ್ಯಾರು" ಅಂತ ಕೇಳೋದನ್ನ ಯಾಕೆ ಬಿಟ್ವಿ

ನಮ್ಮ ಸಾಫ್ಟ್‌ವೇರ್ ಕಂಪನೀಲಿ ನಾವು ಆರು ಜನ ಇದ್ದಾಗ ಕಲ್ಚರ್ ಅನ್ನೋ ಮಾತೇ ಬರ್ತಿರ್ಲಿಲ್ಲ. ಒಂದೇ ಟೇಬಲ್ ಸುತ್ತ ಕೂತಿದ್ವಿ, ಯಾರಾದ್ರೂ ಕೋಡ್‌ನಲ್ಲಿ ಎಡವಟ್ಟು ಮಾಡಿದ್ರೆ ಅವರ ಮುಖ ನೋಡಿದ್ರೇನೇ ಪಕ್ಕದವ್ರಿಗೆ ಗೊತ್ತಾಗೋದು. ಆರು ಜನರಲ್ಲಿ ಒಬ್ರಿಗೊಬ್ರು ಮಾತಾಡೋ ಜೋಡಿ ಲೆಕ್ಕ ಹಾಕಿದ್ರೆ 15, ಅದೇ 40 ಜನ ಆದ್ರೆ 780. ನಾವು 40 ದಾಟಿದ ವರ್ಷ ಈ ಲೆಕ್ಕ ನಂಗೆ ಸರಿಯಾಗಿ ಬಿಸಿ ಮುಟ್ಟಿಸ್ತು.

ಒಂದು ರಾತ್ರಿ ಹತ್ತೂವರೆಗೆ ಅಲರ್ಟ್ ಬಂತು, ಕಸ್ಟಮರ್‌ಗಳ ಇನ್‌ವಾಯ್ಸ್ ಸೇವ್ ಆಗ್ತಿಲ್ಲ. ಆನ್‌ಕಾಲ್‌ನಲ್ಲಿದ್ದ, ಅಂದ್ರೆ ತೊಂದ್ರೆ ಬಂದ್ರೆ ನೋಡೋ ಸರದಿ ಇದ್ದ ಇಬ್ರು ಲಾಗ್ ನೋಡಿದ್ರು, ಸರ್ವರ್ ನೋಡಿದ್ರು, ಸಂಜೆ ರಿಲೀಸ್ ಮಾಡಿದ್ದನ್ನ ರೋಲ್‌ಬ್ಯಾಕ್ ಮಾಡಿ ಹಳೇದಕ್ಕೇ ವಾಪಸ್ ಹೋದ್ರು, ಏನ್ ಮಾಡಿದ್ರೂ ಇಲ್ಲ. ಐವತ್ತು ನಿಮಿಷ ಆದ್ಮೇಲೆ ಗೊತ್ತಾಯ್ತು, ಟೀಮ್‌ನ ಒಬ್ಬ ಹುಡುಗ ಪ್ರೊಡಕ್ಷನ್ ಡೇಟಾಬೇಸ್‌ನಲ್ಲಿ (ಕಸ್ಟಮರ್‌ಗಳ ನಿಜವಾದ ಡೇಟಾ ಇರೋದು) ದೊಡ್ಡ ಟೇಬಲ್‌ಗೆ ಇಂಡೆಕ್ಸ್ (ಬೇಗ ಹುಡುಕೋಕೆ ಮಾಡೋ ಸೂಚಿ) ಹಾಕೋಕೆ ಹೋಗಿದ್ದ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಕಾನ್‌ಕರೆಂಟ್ಲಿ ಅನ್ನೋ ಒಂದು ಪದ ಸೇರಿಸ್ದೆ ಇಂಡೆಕ್ಸ್ ಮಾಡಿದ್ರೆ ಅದು ಮುಗಿಯೋವರೆಗೂ ಆ ಟೇಬಲ್‌ಗೆ ಹೊಸದೇನೂ ಬರಿಯೋಕಾಗಲ್ಲ, ಅದೇ ಆಗಿದ್ದು. ಕ್ಯಾನ್ಸಲ್ ಮಾಡಿದ ತಕ್ಷಣ ಎಲ್ಲ ಸರಿಹೋಯ್ತು.

ಅವನಿಗೆ ಐದನೇ ನಿಮಿಷಕ್ಕೇ ಅನುಮಾನ ಬಂದಿತ್ತಂತೆ. ಚಾಟ್ ನೋಡ್ಕೊಂಡು ಕೂತಿದ್ದ, ಟೈಪ್ ಮಾಡೋದು, ಅಳಿಸೋದು. ಮಾರನೇ ದಿನ ಕೂರಿಸ್ಕೊಂಡು ಯಾಕಪ್ಪಾ ಹೇಳ್ಲಿಲ್ಲ ಅಂದೆ, "ಹೋದ ತಿಂಗಳು ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಇದನ್ನ ಮಾಡಿದ್ಯಾರು ಅಂತ ಕೇಳಿದ್ರಲ್ಲ, ಅದೇ ತಲೇಲಿತ್ತು" ಅಂದ. ಕೇಳಿದ್ದು ನಾನೇ.

99.9% ಅಪ್‌ಟೈಮ್, ಅಂದ್ರೆ ಅಷ್ಟು ಹೊತ್ತು ಸಿಸ್ಟಮ್ ನಡೀತಿರತ್ತೆ ಅಂತ ಮಾತು ಕೊಟ್ಟಿದ್ರೆ ತಿಂಗಳಿಗೆ ನಿಲ್ಲೋಕೆ ಸಿಗೋದು ಸುಮಾರು 43 ನಿಮಿಷ, ಅಂದ್ರೆ ಆ ಒಂದೇ ರಾತ್ರಿ ತಿಂಗಳಿಡೀ ಪಾಲು ಖಾಲಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಕ್ಲೌಡ್ ಬಿಸಿನೆಸ್‌ನಲ್ಲಿ ಕಸ್ಟಮರ್ ಒಂದ್ಸಲ ದುಡ್ಡು ಕೊಟ್ಟು ಹೋಗೋನಲ್ಲ, ಪ್ರತಿ ತಿಂಗಳೂ ಇರ್ಲಾ ಹೋಗ್ಲಾ ಅಂತ ಯೋಚಿಸ್ತಿರ್ತಾನೆ. ತಿಂಗಳಿಗೆ ಬರೀ 3% ಬಿಟ್ಟೋದ್ರೂ ವರ್ಷ ಮುಗಿಯೋ ಹೊತ್ತಿಗೆ 100ರಲ್ಲಿ ಉಳಿಯೋದು 69. ಸೇಲ್ಸ್ ಚೆನ್ನಾಗಿ ನಡೀತಿದ್ರೆ ಗ್ರಾಫ್ ಮೇಲೇನೇ ಹೋಗ್ತಿರತ್ತೆ, ಈ ಸೋರಿಕೆ ಕಣ್ಣಿಗೇ ಬೀಳಲ್ಲ. ಸಿಸ್ಟಮ್ ಡೌನ್ ಆಯ್ತು ಅಂತ ಬಿಟ್ಟೋದವ್ರನ್ನ ನಾನು ಕಮ್ಮಿ ನೋಡಿದೀನಿ, ಡೌನ್ ಆಗಿದ್ರೂ ಸ್ಟೇಟಸ್ ಪೇಜ್‌ನಲ್ಲಿ ಎಲ್ಲ ಸರಿ ಇದೆ ಅಂತ ಹಸಿರು ತೋರಿಸ್ತಿದ್ರು ಅಂತ ಬಿಟ್ಟೋದವ್ರು ಜಾಸ್ತಿ. ಒಳಗಡೆ ಒಬ್ರಿಗೊಬ್ರು ನಿಜ ಹೇಳೋಕೆ ಹೆದರೋ ಟೀಮ್ ಹೊರಗಿನವ್ರಿಗೆ ನಿಜ ಹೇಳತ್ತಾ?

ಆ ವಾರ ಎಲ್ಲರೂ ಕೂತು ಗಿಟ್‌ಲ್ಯಾಬ್‌ನವರ (ಪ್ರೋಗ್ರಾಮರ್‌ಗಳಿಗೆ ಕೋಡ್ ಇಡೋಕೆ ಜಾಗ ಕೊಡೋ ಕಂಪನಿ) 2017ರ ಕಥೆ ಓದಿದ್ವಿ. ಜನವರಿ 31ಕ್ಕೆ ಅವರ ಇಂಜಿನಿಯರ್ ಒಬ್ರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಡೈರೆಕ್ಟರಿ ಡಿಲೀಟ್ ಮಾಡ್ಬಿಟ್ರು, ಬ್ಯಾಕಪ್‌ಗಳು ಸರಿಯಾಗಿ ಕೆಲಸ ಮಾಡ್ತಾ ಇಲ್ಲ ಅನ್ನೋದು ಆಗ್ಲೇ ಗೊತ್ತಾಗಿದ್ದು, ಸುಮಾರು ಆರು ಗಂಟೆ ಡೇಟಾ ಹೋಯ್ತು. ಅವರು ರಿಕವರಿನ ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದ್ರು, ಆಮೇಲೆ ಏನಾಯ್ತು ಅಂತ ಪೂರ್ತಿ ಬರೆದು ಹಾಕಿದ್ರು. ಅದನ್ನ ಓದ್ವಾಗ ನಂಗೆ ಆ ಇಂಜಿನಿಯರ್ ಮೇಲೆ ಕೋಪ ಬರ್ಲಿಲ್ಲ, ನಮ್ಮ ಬ್ಯಾಕಪ್ ಕೊನೇ ಸಲ ರೀಸ್ಟೋರ್ ಮಾಡಿ ನೋಡಿದ್ದು ಯಾವಾಗ ಅಂತ ಭಯ ಆಯ್ತು.

ನಾವು ಬದಲಾಯಿಸಿದ್ದು ಜಾಸ್ತಿ ಏನಿಲ್ಲ. ಏನಾದ್ರೂ ಕೆಟ್ಮೇಲೆ ಬರಿಯೋ ಇನ್ಸಿಡೆಂಟ್ ಡಾಕ್ಯುಮೆಂಟ್‌ನಲ್ಲಿ ಹೆಸರು ಬರಿಯಲ್ಲ, ಎಷ್ಟೊತ್ತಿಗೆ ಏನಾಯ್ತು, ಸಿಸ್ಟಮ್ ಯಾಕೆ ತಡೀಲಿಲ್ಲ ಅಷ್ಟೇ. ಮೊದಲನೇದನ್ನ ನನ್ನ ತಪ್ಪಿನ ಬಗ್ಗೇನೇ ಬರೆದೆ, ಸೈಟ್ ನಮ್ಮದೇ ಅಂತ ಬ್ರೌಸರ್‌ಗೆ ತೋರಿಸೋ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ರಿನ್ಯೂ ಮಾಡೋ ರಿಮೈಂಡರ್ ನನ್ನೊಬ್ಬನ ಮೇಲ್‌ಗೆ ಬರ್ತಿತ್ತು, ನೋಡ್ದೆ ಬಿಟ್ಟಿದ್ದೆ, ಸೈಟ್ ನಿಂತೋಗಿತ್ತು. ಇಂಜಿನಿಯರ್‌ಗಳೆಲ್ಲ ತಿಂಗಳಿಗೊಂದು ದಿನ ಸಪೋರ್ಟ್ ಟಿಕೆಟ್ ತಗೋಬೇಕು ಅಂತಾನೂ ಮಾಡಿದ್ವಿ, ಇದಕ್ಕೆ ಗೊಣಗಾಟ ಇತ್ತು, ಈಗ್ಲೂ ಸ್ವಲ್ಪ ಇದೆ.

ಐದು ತಿಂಗಳಾದ್ಮೇಲೆ ಒಂದು ಮಧ್ಯಾಹ್ನ, ಅಲರ್ಟ್ ಬರೋಕೂ ಮುಂಚೆ ಚಾನೆಲ್‌ನಲ್ಲಿ ಮೆಸೇಜ್ ಬಂತು: "ಪ್ರೊಡಕ್ಷನ್‌ನಲ್ಲಿ ತಪ್ಪು ಕ್ವೆರಿ ಓಡಿಸ್ಬಿಟ್ಟೆ, ನಾನೇ, ನಿಲ್ಲಿಸ್ತಿದೀನಿ." ಸೇರಿ ಮೂರೇ ವಾರ ಆಗಿದ್ದ ಹುಡುಗಿ. ಅದರ ಕೆಳಗೆ ಮೊದಲ ರಿಪ್ಲೈ ಆ ಇಂಡೆಕ್ಸ್ ಹುಡುಗನದ್ದು: "ಇರು ಬಂದೆ, ಇಬ್ರೂ ಸೇರಿ ನೋಡೋಣ."