ನೆಪೋಲಿಯನ್ ಪಾಠಾನ ಖಜಾನೆಯಿಂದ ಶುರು ಮಾಡಿ ನೋಡಿ

ಪಿಯು ಕಾಲೇಜಲ್ಲಿ ಹಿಸ್ಟರಿ ಹೇಳ್ಕೊಡೋರಿಗೆ ಅಂತ ಬರೀತಿದೀನಿ. ಫ್ರೆಂಚ್ ಕ್ರಾಂತಿ ಪಾಠ ಬಂತು ಅಂದ್ರೆ ಯಾವ ಬ್ಯಾಚಲ್ಲಾದ್ರೂ ಯಾರೋ ಒಬ್ರು ಕೇಳೇ ಕೇಳ್ತಾರೆ, ಸರ್ 1793ರಲ್ಲಿ ರಾಜನ ತಲೆ ತೆಗೆದೋರು 1804ಕ್ಕೆಲ್ಲ ಇನ್ನೊಬ್ಬ ಚಕ್ರವರ್ತೀನ ಒಪ್ಕೊಂಡ್ರಲ್ಲ, ಹಂಗಾದ್ರೆ ಅಷ್ಟೆಲ್ಲ ರಕ್ತ ಯಾಕೆ ಹರೀತು ಅಂತ. ಪ್ರಬುದ್ಧ ರಾಜರು (ಅಧಿಕಾರ ಬಿಡದೇ, ಹೊಸ ವಿಚಾರಗಳ ಪ್ರಕಾರ ಸುಧಾರಣೆ ಮಾಡೋಕೆ ಹೊರಟವರು) ಒಂದು ಪಾಠ, ಕ್ರಾಂತಿ ಇನ್ನೊಂದು, ನೆಪೋಲಿಯನ್ ಮತ್ತೊಂದು ಅಂತ ಬೇರೆ ಬೇರೆ ಮಾಡಿದ್ರೆ ಈ ಪ್ರಶ್ನೆಗೆ ಉತ್ತರ ಸಿಗಲ್ಲ. ನಾನು ಮೂರನ್ನೂ ಒಂದೇ ಪ್ರಶ್ನೆ ಇಟ್ಕೊಂಡು ಹೇಳ್ತೀನಿ: ತೆರಿಗೆ ಯಾರು ಕಟ್ತಾರೆ, ಸೈನ್ಯಕ್ಕೆ ಯಾರು ಹೋಗ್ತಾರೆ?

ಮೊದಲು ಪ್ರಷ್ಯ ಅನ್ನೋ ಜರ್ಮನ್ ರಾಜ್ಯದ ಎರಡನೇ ಫ್ರೆಡರಿಕ್. ಕೊಳಲು ನುಡಿಸ್ತಿದ್ದ, ಫ್ರೆಂಚ್ ಚಿಂತಕ ವೋಲ್ಟೇರ್‌ನ ಕರೆಸ್ಕೊಂಡು ಜೊತೇಲಿ ಇಟ್ಕೊಂಡಿದ್ದ, ಆದ್ರೆ 1740ರಲ್ಲಿ ಪಟ್ಟಕ್ಕೆ ಬಂದ ವರ್ಷಾನೇ ಆಸ್ಟ್ರಿಯಾದ ಕೈಲಿದ್ದ ಸಿಲೇಸಿಯಾಗೆ ಸೈನ್ಯ ನುಗ್ಗಿಸ್ದ. ಆಸ್ಟ್ರಿಯಾದ ಎರಡನೇ ಜೋಸೆಫ್ ಇನ್ನೂ ವಿಚಿತ್ರ. 1781ರಲ್ಲಿ ಜೀತದ ರೈತ ದಣಿ ಅಪ್ಪಣೆ ಇಲ್ದೇ ಮದುವೆ ಆಗ್ಬಹುದು, ಊರು ಬಿಡ್ಬಹುದು ಅಂದ, ಅಲ್ಲೀವರೆಗೂ ಸರಿ, ಆಮೇಲೆ ಮರ ಉಳೀಲಿ ಅಂತ ತಳ ತೆಗೆಯೋಕೆ ಬರೋ ಶವಪೆಟ್ಟಿಗೆ ಬಳಸಿ, ಹೆಣ ಗುಂಡಿಗೆ ಬಿದ್ಮೇಲೆ ಪೆಟ್ಟಿಗೆ ವಾಪಸ್ ತನ್ನಿ ಅಂತಾನೂ ಆರ್ಡರ್ ಹೊರಡಿಸ್ದ (ಹಿಂದಿನ ಬೆಂಚು ಎದ್ದು ಕೂರೋದು ಇಲ್ಲೇ). ಜನ ಗಲಾಟೆ ಮಾಡಿದ್ಮೇಲೆ ಅದು ವಾಪಸ್ಸಾಯ್ತು. 1790ರಲ್ಲಿ ಸಾಯೋ ಮುಂಚೆ ಹಂಗೇರಿಯಲ್ಲಿ ಮಾಡಿದ್ದ ಸುಧಾರಣೆಗಳನ್ನೂ ಬಹುತೇಕ ತಾನೇ ಹಿಂತೆಗೆದ್ಕೊಂಡ. ಯಾರನ್ನೂ ಕೇಳ್ದೇ ಮಾಡಿದ್ದನ್ನ ಉಳಿಸ್ಕೊಳೋಕೆ ಅವನ ಹಿಂದೆ ಯಾರೂ ಇರ್ಲಿಲ್ಲ.

ಈಗ ಅವನ ತಂಗಿ ಗಂಡ, ಫ್ರಾನ್ಸಿನ ರಾಜ 16ನೇ ಲೂಯಿ. ಟ್ಯುರ್ಗೋ ಅಂತ ಒಳ್ಳೇ ಮಂತ್ರಿ ಸಿಕ್ಕಿದ್ದ, 1776ರಲ್ಲಿ ತೆಗೆದು ಹಾಕ್ದ, ಆಮೇಲೆ ಅಮೆರಿಕದ ಯುದ್ಧಕ್ಕೆ ಸಾಲ ಮಾಡಿ ಸುರಿದ. 1788ರ ಹೊತ್ತಿಗೆ ಸರ್ಕಾರದ ಖರ್ಚಲ್ಲಿ ಹತ್ರತ್ರ ಅರ್ಧ ಸಾಲಕ್ಕೇ ಹೋಗ್ತಿತ್ತು. ನಮ್ಮ ಟಿಪ್ಪು ಕಳಿಸಿದ ರಾಯಭಾರಿಗಳು ಸೈನ್ಯದ ಸಹಾಯ ಕೇಳ್ಕೊಂಡು ವರ್ಸೈ ಅರಮನೆಗೆ ಹೋಗಿದ್ದು ಅದೇ ವರ್ಷ ಆಗಸ್ಟಲ್ಲಿ. ಅದೇ ತಿಂಗಳು ಖಜಾನೆ ಪಾವತಿ ನಿಲ್ಲಿಸ್ತು! ಶ್ರೀರಂಗಪಟ್ಟಣ ನೋಡಿರೋ ಮಕ್ಕಳಿಗೆ ಇದನ್ನ ಹೇಳಿದ್ರೆ ದಿವಾಳಿ ಅಂದ್ರೇನು ಅಂತ ಬೇರೆ ವಿವರಿಸ್ಬೇಕಿಲ್ಲ.

ದುಡ್ಡಿಗೋಸ್ಕರಾನೇ 1614ರ ನಂತರ ಮೊದಲ ಸಲ, 1789ರ ಮೇನಲ್ಲಿ ಎಸ್ಟೇಟ್ಸ್ ಜನರಲ್ (ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಮೂರೂ ವರ್ಗದ ಪ್ರತಿನಿಧಿಗಳ ಸಭೆ) ಸೇರಿಸಿದ್ದು, ಅದು ಕೈಮೀರಿತು. ಪ್ಯಾರಿಸ್ಸಿನ ಕೋಟೆ-ಜೈಲು ಬಾಸ್ಟೀಲ್‌ಗೆ ಜನ ನುಗ್ಗಿದ್ದು ಮುಖ್ಯವಾಗಿ ಕೋವಿಮದ್ದಿಗೆ, ಒಳಗಿದ್ದ ಕೈದಿಗಳು 7 ಜನ, ಆದ್ರೂ ಆನ್ಸರ್ ಪೇಪರಲ್ಲಿ ಸಾವಿರಾರು ಕೈದಿಗಳ ಬಿಡುಗಡೆ ಅಂತ ಬರೀತಾರೆ ಪುಣ್ಯಾತ್ಮರು. ಕ್ರಾಂತಿ ಮಾಡಿದ ದೊಡ್ಡ ಕೆಲಸ ಅಂದ್ರೆ ರಾಜರಿಗೆ ಆಗದೇ ಇದ್ದದ್ದು: ಶ್ರೀಮಂತರ ತೆರಿಗೆ ವಿನಾಯಿತಿ ಹೋಯ್ತು, ಚರ್ಚ್ ಜಮೀನು ರಾಷ್ಟ್ರದ್ದಾಯ್ತು, 1793ರ ಆಗಸ್ಟಲ್ಲಿ ಇಡೀ ದೇಶಾನೇ ಯುದ್ಧಕ್ಕೆ ಕರೆದ್ರು.

ನೆಪೋಲಿಯನ್‌ಗೆ ಸಿಕ್ಕಿದ್ದು ಈ ರೆಡಿ ಯಂತ್ರ. ಸೈನ್ಯದ ಹಳೇ ಶ್ರೀಮಂತ ಅಧಿಕಾರಿಗಳು ದೇಶ ಬಿಟ್ಟು ಓಡಿಹೋಗಿದ್ರಿಂದ 24ಕ್ಕೇ ಜನರಲ್ ಆದ. 1800ರಲ್ಲಿ ಪ್ರತಿ ಜಿಲ್ಲೆಗೂ ಪ್ರಿಫೆಕ್ಟ್ (ನಮ್ಮ ಡಿಸಿ ಥರದ ಅಧಿಕಾರಿ) ಕೂರಿಸ್ದ, 1804ರಲ್ಲಿ ದೇಶಕ್ಕೆಲ್ಲ ಒಂದೇ ಸಿವಿಲ್ ಕೋಡ್ (ನಾಗರಿಕ ಕಾನೂನು) ತಂದ. ಜೋಸೆಫ್ ಕಂಡಿದ್ದ ಕನಸೇ ಇದು, ಆದ್ರೆ ಇವನ ಹಿಂದೆ ಚರ್ಚ್ ಜಮೀನು ಕೊಂಡಿದ್ದ ರೈತರಿದ್ರು, ಅವರಿಗೆ ಹಳೇ ದಣಿಗಳು ವಾಪಸ್ ಬರಬಾರದು ಅಷ್ಟೇ. ಕಿರೀಟ ಒಪ್ಕೊಂಡಿದ್ದು ಅದಕ್ಕೇ ಅಂತ ನನ್ನ ಅಭಿಪ್ರಾಯ. ಫ್ರೆಂಚ್ ವಸಾಹತುಗಳಲ್ಲಿ 1794ರಲ್ಲಿ ರದ್ದಾಗಿದ್ದ ಗುಲಾಮಗಿರೀನ 1802ರಲ್ಲಿ ಇವನೇ ವಾಪಸ್ ತಂದ ಅನ್ನೋದನ್ನ ಮಾತ್ರ ಬಿಡ್ಬೇಡಿ, ಇವನ ಫ್ಯಾನ್‌ಗಳು ಪ್ರತಿ ಕ್ಲಾಸಲ್ಲೂ ಇರ್ತಾರೆ.

ಪೀರಿಯಡ್ ಸಾಲದೇ ಹೋದ್ರೆ ಯುದ್ಧಗಳ ಪಟ್ಟಿ ಕತ್ತರಿಸಿ. ಆಸ್ಟರ್ಲಿಟ್ಜ್, ರಷ್ಯಾ, ವಾಟರ್ಲೂ ಮೂರು ಸಾಕು, ಉಳಿದದ್ದನ್ನ ಮಕ್ಕಳೇ ಯೂಟ್ಯೂಬಲ್ಲಿ ನೋಡ್ಕೋತಾರೆ.