ಪೊಲಿಕಾರ್ಪ್ ಅಂದ್ರೆ ಮೀನಲ್ವಾ?

ಅಲ್ಲ. ಮೀನಲ್ಲ. ನನ್ನ ಹೆಸರು.

"ಅದೆಂಥ ಹೆಸರು ಮಾರಾಯ್ರೆ, ನಿಜವಾಗಿ ಇಟ್ಟದ್ದಾ?" ಇಲ್ಲ, ಸಂತೆಯಲ್ಲಿ ಬಿದ್ದಿತ್ತು, ಎತ್ತಿಕೊಂಡು ಬಂದೆ. ಸ್ವಲ್ಪ ಓದಿದವರು ಕಾರ್ಪ್ ಮೀನಿಗೆ ಹೋಗುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ 'ತುಂಬಾ ಫಲ' ಅಂತ ಅರ್ಥ. ಒಂದು ಕಚೇರಿಯಲ್ಲಂತೂ ರೇಷನ್ ಕಾರ್ಡಿಗೆ 'ಪಾಲಿ ಕಾರ್' ಅಂತ ಹತ್ತಿಸಿದರು. ತಿದ್ದಿಸಲು ಮೂರು ಸಲ ಅಲೆದೆ. "ಕಾರ್ ಇದೆ ಅಂತ ಅಕ್ಕಿ ನಿಲ್ಲಿಸಬೇಡಿ" ಅಂದರೆ ಆ ಮನುಷ್ಯ ನಗಲೂ ಇಲ್ಲ.

ಉತ್ತರ ಇಷ್ಟೇ. ನಾನು ಹುಟ್ಟಿದ್ದು 1964ರ ಜನವರಿ 26. ಊರಿಗೆಲ್ಲ ಗಣರಾಜ್ಯೋತ್ಸವ, ಅಜ್ಜಿಗೆ ಮಾತ್ರ ಸಂತ ಪೊಲಿಕಾರ್ಪರ ಹಬ್ಬ. ಇಗರ್ಜಿ ಕ್ಯಾಲೆಂಡರ್ ನೋಡಿದರು, ಇಟ್ಟರು. 1969ರಲ್ಲಿ ರೋಮ್‌ನವರು ಹಬ್ಬವನ್ನು ಫೆಬ್ರವರಿ 23ಕ್ಕೆ ಸರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಆ ಸಂತರು ಯಾರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಸ್ಮಿರ್ನಾದ ಬಿಷಪ್. ಅದು ಈಗಿನ ಟರ್ಕಿಯ ಇಜ್ಮಿರ್. ಕ್ರಿ.ಶ. 155ರ ಸುಮಾರಿಗೆ ಅವರನ್ನು ಹಿಡಿಯಲು ರೋಮನ್ ಆಡಳಿತದ ಜನ ಬಂದರು. ಮುದುಕರು ಮೊದಲು ಅವರಿಗೆ ಊಟ ಬಡಿಸಿ ಅಂದರು. ಪ್ರಾರ್ಥನೆಗೆ ಒಂದು ತಾಸು ಕೇಳಿ, ಎರಡು ತಾಸು ಮಾಡಿದರು. ಉಂಡವರು ಕಾಯಲೇಬೇಕಲ್ಲ!

ದಾರಿಯಲ್ಲಿ ಊರಿನ ಪೊಲೀಸ್ ಮುಖ್ಯಸ್ಥ ಹೆರೋದ ತನ್ನ ಗಾಡಿಗೆ ಹತ್ತಿಸಿಕೊಂಡ. ಸೀಸರನೇ ಪ್ರಭು ಅಂದುಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಅಂತ ಪುಸಲಾಯಿಸಿದ. ಒಪ್ಪಲಿಲ್ಲ. ಕೆಳಗೆ ದಬ್ಬಿದರು, ಮೊಣಕಾಲ ಕೆಳಗೆ ತರಚಿತು. ಸ್ಮಿರ್ನಾದ ಕ್ರೈಸ್ತರು ಬರೆದ ಪತ್ರದಲ್ಲಿ ಈ ಗಾಯವೂ ಇದೆ. ಇನ್ನೇನು ಸುಟ್ಟುಹಾಕಲಿದ್ದ ಮುದುಕರ ಕಾಲು ತರಚಿದ್ದನ್ನೂ ಯಾರೋ ಬರೆದಿಟ್ಟಿದ್ದಾರೆ. ನನಗೆ ಇದೇ ಜಾಸ್ತಿ ಕಾಡುವುದು.

ಕ್ರೀಡಾಂಗಣದಲ್ಲಿ ರಾಜ್ಯಪಾಲ "ನಾಸ್ತಿಕರು ತೊಲಗಲಿ" ಅನ್ನಲು ಹೇಳಿದ. ರೋಮನ್ ದೇವರಿಗೆ ಕೈ ಮುಗಿಯದ ಕ್ರೈಸ್ತರೇ ಅವರ ಪಾಲಿಗೆ ನಾಸ್ತಿಕರು. ಮುದುಕರು ಬೊಬ್ಬೆ ಹೊಡೆಯುತ್ತಿದ್ದ ಜನರ ಕಡೆಗೆ ಕೈ ಬೀಸಿ ಅದನ್ನೇ ಹೇಳಿದರು! ಕ್ರಿಸ್ತನನ್ನು ಬೈಯಲು ಹೇಳಿದಾಗ, 86 ವರ್ಷ ಸೇವೆ ಮಾಡಿದ್ದೇನೆ, ಅವನು ನನಗೆ ಕೆಟ್ಟದ್ದು ಮಾಡಿಲ್ಲ ಅಂದರು. ಸುಡುವ ಕಂಬಕ್ಕೆ ನನ್ನನ್ನು ಮೊಳೆ ಹೊಡೆಯುವುದು ಬೇಡ, ಬೆಂಕಿಯಲ್ಲಿ ಹಾಗೆಯೇ ನಿಲ್ಲುತ್ತೇನೆ ಅಂದರು. ಹಗ್ಗದಿಂದ ಕಟ್ಟಿದರು. ಕೊನೆಗೆ ಕಠಾರಿಯಿಂದ ತಿವಿದರು.

ಹಿಡಿಯಲು ಬಂದವರಿಗೆ ಏನು ಬಡಿಸಿರಬಹುದು? ಇದನ್ನು ಯಾರಾದರೂ ಕೇಳಬಾರದೇ? ಚಿಕ್ಕವನಿದ್ದಾಗ ನಾನು ಅಜ್ಜಿಯನ್ನು ಕೇಳಿದ್ದೆ.

"ಸಮುದ್ರದ ಊರು," ಅಂದರು ಅಜ್ಜಿ. "ಮೀನೇ ಇರಬೇಕು."